ಆಲ್ಬರ್ಟ್ ಹೆದರಿದ್ದು ಯಾವುದಕ್ಕೆ? ವಾಟ್ಸನ್–ರೇನರ್ ದಾಖಲೆಯ ಮರುಓದು

ಮನೋವಿಜ್ಞಾನದ ಆರಂಭಿಕ ಪಠ್ಯಗಳಲ್ಲಿ ಪಾವ್ಲೋವ್‌ನ ನಾಯಿಯ ಬೆನ್ನಿಗೇ ‘ಪುಟ್ಟ ಆಲ್ಬರ್ಟ್’ ಬರುವುದು ರೂಢಿ. ಪಿಯುಸಿಯಲ್ಲಿ ಈ ವಿಷಯ ಓದುವವರಿಗೂ, ಅವರಿಗೆ ಪಾಠ ಹೇಳುವವರಿಗೂ ಆ ಪ್ರಕರಣ ಸಾಮಾನ್ಯೀಕರಣ ಎಂಬ ಪರಿಕಲ್ಪನೆಯ ಸಿದ್ಧ ಉದಾಹರಣೆ: ಬಿಳಿ ಇಲಿಗೆ ಹೆದರಲು ಕಲಿತ ಮಗು ಬಿಳಿಯಾದ, ತುಪ್ಪಳವಿರುವ ಎಲ್ಲ ವಸ್ತುಗಳಿಗೂ ಹೆದರತೊಡಗಿತು ಎಂಬುದು ಅದರ ಸಾರ. ಜಾನ್ ವಾಟ್ಸನ್ ಮತ್ತು ರೊಸಾಲಿ ರೇನರ್ 1920ರ ಫೆಬ್ರುವರಿಯಲ್ಲಿ ಪ್ರಕಟಿಸಿದ ಹದಿನಾಲ್ಕು ಪುಟಗಳ ಮೂಲ ಲೇಖನ ಈ ಮಾತಿಗೆ ಆಧಾರ ಒದಗಿಸುವುದಿಲ್ಲ ಎಂಬುದು ನನ್ನ ವಾದ. ಬೆನ್ ಹ್ಯಾರಿಸ್ 1979ರಲ್ಲೇ ಪಠ್ಯಪುಸ್ತಕಗಳು ಸೇರಿಸಿದ ಬೆಕ್ಕು, ಆಟದ ಕರಡಿ, ಭಯ ನಿವಾರಣೆಯ ಸುಖಾಂತ ಇವೆಲ್ಲ ಮೂಲದಲ್ಲಿಲ್ಲವೆಂದು ತೋರಿಸಿದರು. ಅವರ ಆ ಕೆಲಸಕ್ಕೆ ಈ ವಿಷಯದಲ್ಲಿ ಬರೆಯುವ ಎಲ್ಲರೂ ಋಣಿಗಳು. ಆದರೆ 2009ರಿಂದೀಚೆಗೆ ವಿದ್ವಾಂಸರ ಶಕ್ತಿಯೆಲ್ಲ ಆ ಮಗು ನಿಜಕ್ಕೂ ಯಾರು ಎಂಬ ಶೋಧಕ್ಕೆ ಹರಿದಿದೆ. ಆ ಶೋಧದೊಂದಿಗೆ ಎದ್ದ, ಮಗುವಿಗೆ ನರರೋಗವಿತ್ತೇ ಎಂಬ ಪ್ರಶ್ನೆ ನೈತಿಕವಾಗಿ ಗಂಭೀರವಾದದ್ದೇ. ಆದರೂ ಹೆಸರು ಸಿಕ್ಕಿದ ಮಾತ್ರಕ್ಕೆ ಪ್ರಯೋಗದ ತೀರ್ಮಾನ ನಿಲ್ಲುವುದೂ ಇಲ್ಲ, ಬೀಳುವುದೂ ಇಲ್ಲ. ಅದನ್ನು ನಿರ್ಧರಿಸುವ ಸಾಕ್ಷ್ಯ ಲೇಖನದ ದಿನಚರಿಯ ಎರಡು ದಿನಗಳಲ್ಲಿದೆ. ಚರ್ಚೆಯಲ್ಲಿ ಅವಕ್ಕೆ ಸಲ್ಲಬೇಕಾದ ಗಮನ ಸಂದಿಲ್ಲ.

ಮೊದಲನೆಯದು ಮಗುವಿಗೆ 11 ತಿಂಗಳು 15 ದಿನ ತುಂಬಿದ ದಿನ. ಅಷ್ಟರಲ್ಲಿ ಇಲಿಯನ್ನು ತೋರಿಸುತ್ತ, ನಾಲ್ಕು ಅಡಿ ಉದ್ದದ ಉಕ್ಕಿನ ಸರಳನ್ನು ಮಗುವಿನ ತಲೆಯ ಹಿಂದೆ ಬಡಿಯುವ ಜೋಡಿ ಪ್ರಚೋದನೆ ಏಳು ಸಲ ನಡೆದಿತ್ತು: ಮೊದಲ ದಿನ ಎರಡು, ವಾರದ ನಂತರ ಐದು. ಈಗ ಸದ್ದಿಲ್ಲದೆ ಬೇರೆ ಬೇರೆ ವಸ್ತುಗಳನ್ನು ಒಡ್ಡಿದರು. ಮೊಲಕ್ಕೆ ಮಗು ಅತ್ತಿತು. ನಾಯಿಗೆ ಪ್ರತಿಕ್ರಿಯೆ ಅಷ್ಟು ತೀವ್ರವಾಗಿರಲಿಲ್ಲ. ಸೀಲ್ ಚರ್ಮದ ಕೋಟನ್ನು ಕಂಡು ಹಿಂದೆ ಸರಿಯಿತು. ಕಾಗದದ ಪೊಟ್ಟಣದಿಂದ ಇಣುಕುತ್ತಿದ್ದ ಹತ್ತಿಯನ್ನು ಕಾಲಿನಿಂದ ಒದ್ದು, ಆಮೇಲೆ ಕಾಗದದೊಂದಿಗೆ ಆಟವಾಡಿತು. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಅದರ ಮುಂದಿನ ನಮೂದಿನಲ್ಲಿ ವಾಟ್ಸನ್ ತಲೆ ಬಗ್ಗಿಸಿ ತನ್ನ ಕೂದಲನ್ನು ಮಗುವಿನ ಮುಂದೆ ಹಿಡಿದರು. ಮಗು ಪೂರ್ತಿ ಪ್ರತಿಕೂಲವಾಗಿ ವರ್ತಿಸಿತು. ಅಲ್ಲಿದ್ದ ಇನ್ನಿಬ್ಬರು ವೀಕ್ಷಕರೂ ಹಾಗೆಯೇ ತಲೆ ಬಗ್ಗಿಸಿದರು. ಅವರ ಕೂದಲನ್ನು ಹಿಡಿದು ಮಗು ತಕ್ಷಣ ಆಟಕ್ಕಿಳಿಯಿತು. ಅನಂತರ ವಾಟ್ಸನ್ ಸಾಂಟಾ ಕ್ಲಾಸ್ ಮುಖವಾಡ ತಂದರು. ಮಗು ಮತ್ತೆ ಪ್ರತಿಕೂಲ. ಪಠ್ಯಗಳು ವಾಟ್ಸನ್‌ರ ಕೂದಲನ್ನು ಉಳಿಸಿಕೊಂಡು ಉಳಿದಿಬ್ಬರ ಕೂದಲನ್ನು ಕೈಬಿಟ್ಟಿವೆ. ರೋಮಮಯ ವಸ್ತುಗಳಿಗೆಲ್ಲ ಭಯ ಹಬ್ಬಿತೆನ್ನುವ ವಾದಕ್ಕೆ ಆ ಒಂದು ದಿನದ ದಾಖಲೆಯಲ್ಲಿರುವ ನೇರ ಪ್ರತಿಸಾಕ್ಷ್ಯ ಅದು, ಬಿಟ್ಟುಬಿಡಬಹುದಾದ ಸಣ್ಣ ವಿವರವಲ್ಲ. ಒಂದೇ ಬಗೆಯ ಮೂರು ಉದ್ದೀಪನಗಳಲ್ಲಿ ಎರಡಕ್ಕೆ ಭಯವಿಲ್ಲ, ಒಂದಕ್ಕೆ ಇದೆ ಎಂದಾದರೆ, ಆ ಒಂದನ್ನು ಬೇರ್ಪಡಿಸುವ ಗುಣ ಕೂದಲಾಗಿರುವುದು ಸಾಧ್ಯವಿಲ್ಲ. ಬೇರ್ಪಡಿಸುವುದು ಆ ಕೂದಲಿನ ಒಡೆಯ.

ಹಾಗಾದರೆ ಮಗು ವಾಟ್ಸನ್‌ಗೇ ಹೆದರಿತ್ತೇ? ಅಷ್ಟು ದೂರ ಹೋಗಲು ದಾಖಲೆ ಬಿಡುವುದಿಲ್ಲ, ನಾನೂ ಹೋಗುವುದಿಲ್ಲ. 8 ತಿಂಗಳು 26 ದಿನದಂದು ಸದ್ದಿನ ಮೊದಲ ಪರೀಕ್ಷೆ ನಡೆದಾಗ ಪ್ರಯೋಗಕಾರರಲ್ಲಿ ಮಹಿಳೆ ಮಗುವಿನ ಮುಂದೆ ಕೈಯಾಡಿಸುತ್ತ ಅದರ ಗಮನ ಹಿಡಿದಿದ್ದರೆಂದೂ, ಇನ್ನೊಬ್ಬರು ಹಿಂದೆ ನಿಂತು ಸರಳನ್ನು ಬಡಿದರೆಂದೂ ಲೇಖನ ಹೇಳುತ್ತದೆ. ಬಡಿದ ಕೈ ವಾಟ್ಸನ್‌ರದು ಎಂದು ಊಹಿಸಲು ಇದು ಸಾಕು. ಬೆನ್ನ ಹಿಂದೆ ನಿಂತವರನ್ನು ಮಗು ಕಾಣುವುದೆಂತು ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಆ ಕೋಣೆಗೆ ಕರೆತರುವಾಗ, ಕೂರಿಸುವಾಗ, ಅತ್ತಾಗ ಎತ್ತಿಕೊಳ್ಳುವಾಗ ಮಗು ಯಾರ ಮುಖವನ್ನೂ ನೋಡಲಿಲ್ಲ ಎನ್ನುವುದೂ ಅಷ್ಟೇ ಕಷ್ಟ. ನನ್ನ ವಾದಕ್ಕೆ ಬೇಕಿರುವುದು ಇಷ್ಟೇ: ಕೂದಲಿನ ಪರೀಕ್ಷೆಯಲ್ಲೂ ಮುಖವಾಡದ ಪರೀಕ್ಷೆಯಲ್ಲೂ ವಸ್ತುವಿನ ಜೊತೆ ಮನುಷ್ಯನೂ ಬೆರೆತಿದ್ದಾನೆ. ಎರಡನ್ನೂ ಬಿಡಿಸುವ ಪರೀಕ್ಷೆ ಅಚಾತುರ್ಯದಿಂದಲೇ ನಡೆದುಹೋಯಿತು, ಅದರ ಫಲಿತಾಂಶ ಸಾಮಾನ್ಯೀಕರಣದ ವಿರುದ್ಧ ಬಂತು. ಇನ್ನು ‘ಬಿಳಿ’ ಎಂಬ ವಿಶೇಷಣವಂತೂ ಪಠ್ಯಗಳ ಸ್ವಂತ ಕೊಡುಗೆ. ಸೀಲ್ ಚರ್ಮದ ಕೋಟುಗಳು ಆ ಕಾಲದಲ್ಲಿ ಸಾಮಾನ್ಯವಾಗಿ ಗಾಢ ಬಣ್ಣದವು.

ಎರಡನೆಯದು ಐದು ದಿನಗಳ ನಂತರದ, ಅಂದರೆ 11 ತಿಂಗಳು 20 ದಿನದ ನಮೂದು. ಪಠ್ಯದ ಕಥೆಗೆ ಇದು ಮಾರಕ. ಆ ದಿನ ಇಲಿಗೆ ಮಗು ತೋರಿದ ಪ್ರತಿಕ್ರಿಯೆ ಗಣನೀಯವಾಗಿ ಇಳಿದಿತ್ತು, ಅಳುವೂ ಇರಲಿಲ್ಲ. ಪ್ರಯೋಗಕಾರರು ಅದನ್ನು ಮತ್ತೆ ಚುರುಕುಗೊಳಿಸಲೆಂದು ಇಲಿಯ ಜೊತೆ ಸರಳನ್ನು ಇನ್ನೊಮ್ಮೆ ಬಡಿದರು. ಅಷ್ಟಕ್ಕೇ ನಿಲ್ಲದೆ ಮೊಲಕ್ಕೂ ನಾಯಿಗೂ ನೇರವಾಗಿ ಅದೇ ಸದ್ದನ್ನು ಜೋಡಿಸಿದರು. ಅಂದರೆ ಆ ಗಳಿಗೆಯಿಂದ ಮೊಲ ಮತ್ತು ನಾಯಿ ಸಾಮಾನ್ಯೀಕರಣದ ಪರೀಕ್ಷಾವಸ್ತುಗಳಾಗಿ ಉಳಿಯಲಿಲ್ಲ; ಇಲಿಯಂತೆಯೇ ಅವೂ ಅನುಬಂಧಿತ ಉದ್ದೀಪನಗಳಾದವು. ಅಂದೇ ಮಗುವನ್ನು ದೊಡ್ಡ ಉಪನ್ಯಾಸ ಕೊಠಡಿಗೆ ಒಯ್ದಾಗ, ಅದುವರೆಗೆ ಸುಮ್ಮನಿದ್ದ ನಾಯಿ ಅದರ ಮುಖದಿಂದ ಆರು ಅಂಗುಲದಲ್ಲಿ ಮೂರು ಸಲ ಜೋರಾಗಿ ಬೊಗಳಿತು. ಅಲ್ಲಿದ್ದ ದೊಡ್ಡವರೂ ಬೆಚ್ಚಿದರೆಂದು ಲೇಖಕರೇ ಬರೆದಿದ್ದಾರೆ. ಇದಾದ ಮೇಲೂ ‘ತಿಂಗಳ ನಂತರವೂ ಮಗು ಮೊಲಕ್ಕೂ ನಾಯಿಗೂ ಹೆದರುತ್ತಿತ್ತು, ಆದ್ದರಿಂದ ಭಯ ಹಬ್ಬಿ ಉಳಿಯಿತು’ ಎಂದು ಬರೆಯುವವರು ಮೂಲ ಲೇಖನವನ್ನು ಓದದೆ ಬರೆಯುತ್ತಿದ್ದಾರೆ ಎಂದೇ ನಾನು ತಿಳಿಯಬೇಕಾಗುತ್ತದೆ. ಫೋಬಿಯಾಕ್ಕೆ ಈ ಪ್ರಕರಣವೇ ಮಾದರಿ ಎಂದು 1960ರಲ್ಲಿ ಫ್ರಾಯ್ಡನ ‘ಪುಟ್ಟ ಹ್ಯಾನ್ಸ್’ ವಿರುದ್ಧ ಇದನ್ನು ನಿಲ್ಲಿಸಿದ ಜೋಸೆಫ್ ವೋಲ್ಪೆ ಮತ್ತು ಸ್ಟ್ಯಾನ್ಲಿ ರಾಕ್ಮನ್ ಬೇರೆಯವರ ಸಾಕ್ಷ್ಯವನ್ನು ಎಷ್ಟು ಕಟುವಾಗಿ ಪರೀಕ್ಷಿಸಿದರೋ ಅಷ್ಟೇ ಕಟುವಾಗಿ ಆಲ್ಬರ್ಟ್‌ನ ದಿನಚರಿಯನ್ನೂ ಪರೀಕ್ಷಿಸಬೇಕಿತ್ತು.

12 ತಿಂಗಳು 21 ದಿನದ ಕೊನೆಯ ಪರೀಕ್ಷೆಯಲ್ಲಿ, ಹಾಗಾದರೆ, ಸಾಮಾನ್ಯೀಕರಣಕ್ಕೆ ಸಾಕ್ಷಿಯಾಗಿ ಉಳಿಯುವುದು ಎರಡೇ ವಸ್ತುಗಳು, ಮುಖವಾಡ ಮತ್ತು ಕೋಟು. ಮುಖವಾಡವನ್ನು ಕಂಡ ಮಗು ಮೊದಲು ಅಳಲಿಲ್ಲ. ಹಿಂದೆ ಸರಿದು, ಬಳಿಕ ಅದರತ್ತ ಕೈ ಬೀಸಿತು. ಅದರ ಕೈಯನ್ನು ಬಲವಂತವಾಗಿ ಮುಖವಾಡಕ್ಕೆ ತಾಗಿಸಿದಾಗ ಅತ್ತಿತು. ಮತ್ತೆರಡು ಸಲ ತಾಗಿಸಿದರು, ಮತ್ತೆರಡು ಸಲ ಅತ್ತಿತು. ಕೊನೆಗೆ ಅದನ್ನು ಕಂಡರೇ ಅಳತೊಡಗಿತು. ಇದು ತಿಂಗಳ ಹಿಂದಿನ ಇಲಿಯ ಫಲವೋ, ಆ ಕ್ಷಣದ ಬಲವಂತದ ಫಲವೋ? ಎರಡನೆಯದೇ ಹೆಚ್ಚು ಸರಳವಾದ ವಿವರಣೆ. ಕೋಟಿನ ಸಾಕ್ಷ್ಯ ಇದಕ್ಕಿಂತ ಗಟ್ಟಿ, ಒಪ್ಪುತ್ತೇನೆ. ಮಗು ಸ್ಪಷ್ಟವಾಗಿ ಅದರಿಂದ ದೂರ ಸರಿಯಿತು. ಆದರೆ ಸುಮಾರು ಒಂಬತ್ತನೆಯ ತಿಂಗಳಲ್ಲಿ, ಅನುಬಂಧನಕ್ಕೆ ಮೊದಲು, ಮಗು ಯಾವುದಕ್ಕೂ ಹೆದರಲಿಲ್ಲ ಎಂದು ತೋರಿಸಲು ಲೇಖಕರು ಕೊಟ್ಟ ಪಟ್ಟಿಯಲ್ಲಿ ಇಲಿ, ಮೊಲ, ನಾಯಿ, ಕೋತಿ, ಮುಖವಾಡಗಳು, ಹತ್ತಿ, ಉರಿಯುವ ಪತ್ರಿಕೆ ಇವೆ; ಕೋಟಿನ ಹೆಸರಿಲ್ಲ. ಪಟ್ಟಿ ‘ಇತ್ಯಾದಿ’ ಎಂದು ಮುಗಿಯುತ್ತದೆ, ನಿಜ. ಆದರೆ ಒಂದು ಪರಿಕಲ್ಪನೆಯ ಸಾಕ್ಷ್ಯವನ್ನು ‘ಇತ್ಯಾದಿ’ಯ ಮೇಲೆ ನಿಲ್ಲಿಸಲಾಗದು. ಜೊತೆಗೆ ಅಪರಿಚಿತವಾದುದಕ್ಕೆ ಅಂಜುವುದು ಮಕ್ಕಳಲ್ಲಿ ಮೊದಲ ವರ್ಷದ ಕೊನೆಯ ಭಾಗದಲ್ಲಿ ಹೆಚ್ಚುತ್ತದೆ. ಒಂಬತ್ತರ ಧೈರ್ಯವನ್ನು ಹನ್ನೆರಡರ ಅಂಜಿಕೆಯೊಂದಿಗೆ ಹೋಲಿಸುವಾಗ ನಡುವೆ ಬೆಳೆದ ವಯಸ್ಸನ್ನು ಲೆಕ್ಕಕ್ಕೆ ಹಿಡಿಯಲೇಬೇಕು.

ವಾಟ್ಸನ್ ಪರ ವಾದಿಗಳ ಬಲವಾದ ಉತ್ತರ ಆಟದ ಬ್ಲಾಕುಗಳದು. ಪ್ರತಿ ಪರೀಕ್ಷೆಯ ನಡುವೆಯೂ ಬ್ಲಾಕುಗಳನ್ನು ಕೊಟ್ಟಾಗ ಮಗು ನೆಮ್ಮದಿಯಾಗಿ ಆಡಿತು. ಆದ್ದರಿಂದ ಅದರ ಭಯ ಸಾರಾಸಗಟಾದ ಗಾಬರಿಯಲ್ಲ, ಆಯ್ದ ವಸ್ತುಗಳಿಗಷ್ಟೇ ಎನ್ನುತ್ತಾರೆ. ಈ ಎಚ್ಚರಿಕೆಯನ್ನು ವಹಿಸಿದ್ದು ಆ ಕಾಲಕ್ಕೆ ಮೆಚ್ಚತಕ್ಕದ್ದೇ. ಆದರೆ ಬ್ಲಾಕುಗಳು ಮಗುವಿಗೆ ಚಿರಪರಿಚಿತ, ಜಡ, ಸಾಂತ್ವನಕ್ಕಾಗಿಯೇ ಕೊಟ್ಟ ವಸ್ತುಗಳು. ತುಪ್ಪಳವಿಲ್ಲದ, ಆದರೆ ಹೊಸದಾದ ಅಥವಾ ತಾನಾಗಿ ಚಲಿಸುವ ಒಂದು ವಸ್ತುವನ್ನು ನಡುವೆ ಒಡ್ಡಿದ್ದರೆ ಮಾತ್ರ ತುಪ್ಪಳವೇ ಕಾರಣವೋ ಅಲ್ಲವೋ ತಿಳಿಯುತ್ತಿತ್ತು. ಸಾಮಾನ್ಯೀಕರಣವೆಂದರೆ ಹೋಲಿಕೆ ಕಡಿಮೆಯಾದಂತೆ ಪ್ರತಿಕ್ರಿಯೆಯೂ ಹಂತಹಂತವಾಗಿ ಇಳಿಯುವುದು. 1956ರಲ್ಲಿ ಗಟ್‌ಮನ್ ಮತ್ತು ಕ್ಯಾಲಿಷ್ ಪಾರಿವಾಳಗಳಿಗೆ ಬೆಳಕಿನ ಬಣ್ಣಗಳನ್ನು ತೋರಿಸಿ ಆ ಇಳಿಕೆಯನ್ನು ಅಳೆದು ಕೊಟ್ಟರು. ಪರಿಕಲ್ಪನೆಯನ್ನು ಕಲಿಸುವವರಿಗೆ ಅಷ್ಟು ಸ್ವಚ್ಛವಾದ ಉದಾಹರಣೆ ಇರುವಾಗ ಆಲ್ಬರ್ಟ್‌ನನ್ನೇ ಹಿಡಿದು ಕೂರುವ ಹಟ ನನಗೆ ಅರ್ಥವಾಗದು. ಇಂಥ ಅನುಬಂಧಿತ ಭಯವನ್ನು ಮೂಡಿಸುವ ಯತ್ನವೂ ಮುಂದೆ ಸುಲಭವಾಗಿ ಫಲಿಸಲಿಲ್ಲ: 1929ರಲ್ಲಿ ಹೊರೇಸ್ ಇಂಗ್ಲಿಷ್ ಮರದ ಬಾತುಕೋಳಿ ಬಳಸಿ, 1934ರಲ್ಲಿ ಬ್ರೆಗ್‌ಮನ್ ಹದಿನೈದು ಕೂಸುಗಳ ಮೇಲೆ ಮಾಡಿದ ಪ್ರಯೋಗಗಳು ವಿಫಲವಾದವು.

ಕಡೆಯದಾಗಿ ಪ್ರಯೋಗದ ಚಲನಚಿತ್ರವನ್ನು ಮುಂದೊಡ್ಡುವವರಿದ್ದಾರೆ: ಕಣ್ಣಾರೆ ಕಾಣುವ ಭಯವನ್ನು ಹೇಗೆ ಅಲ್ಲಗಳೆಯುವಿರಿ ಎಂದು. ಇದಕ್ಕೆ ಉತ್ತರವೂ ಮೂಲ ಲೇಖನದಲ್ಲಿಯೇ ಇದೆ. ಮನಸ್ಸು ಕದಡಿದಾಗಲೆಲ್ಲ ಮಗು ಹೆಬ್ಬೆರಳನ್ನು ಬಾಯಿಗಿಡುತ್ತಿತ್ತು. ಬೆರಳು ಬಾಯಲ್ಲಿರುವಷ್ಟು ಹೊತ್ತು ಯಾವ ಉದ್ದೀಪನವೂ ಅದಕ್ಕೆ ತಟ್ಟುತ್ತಿರಲಿಲ್ಲ. ಕೊನೆಯ ಪರೀಕ್ಷೆಯ ಚಿತ್ರೀಕರಣದಲ್ಲಿ ಆ ಬೆರಳನ್ನು ಮತ್ತೆ ಮತ್ತೆ ಎಳೆದು ತೆಗೆದ ಮೇಲೆಯೇ ಬೇಕಾದ ಪ್ರತಿಕ್ರಿಯೆ ದೊರೆಯಿತೆಂದು ವಾಟ್ಸನ್ ಮತ್ತು ರೇನರ್ ಮರೆಮಾಚದೆ ಬರೆದಿದ್ದಾರೆ. ಅವರ ದಿನಚರಿ ಅವರ ತೀರ್ಮಾನಕ್ಕಿಂತ ಪ್ರಾಮಾಣಿಕವಾದದ್ದು ಎಂದು ನಾನು ಗೌರವದಿಂದಲೇ ಹೇಳುತ್ತೇನೆ. ಆದರೆ ಅಳುವ ಮಗುವಿನ ಬಾಯಿಂದ ಬೆರಳನ್ನು ಕಿತ್ತು ತೆಗೆದರೆ ಅದು ಇನ್ನಷ್ಟು ಅಳುವುದಕ್ಕೆ ಇಲಿಯೂ ಬೇಕಿಲ್ಲ, ಕೋಟೂ ಬೇಕಿಲ್ಲ. ಬೆರಳು ತೆಗೆದದ್ದಕ್ಕೆ ಬಂದ ಅಳು ಯಾವುದು, ವಸ್ತುವನ್ನು ಕಂಡು ಬಂದ ಅಳು ಯಾವುದು ಎಂದು ವಿಂಗಡಿಸಿದ ಎಣಿಕೆ ಲೇಖನದಲ್ಲಿ ಎಲ್ಲಿಯೂ ಇಲ್ಲದಿರುವಾಗ, ಆ ಚಿತ್ರವನ್ನು ಸಾಮಾನ್ಯೀಕರಣದ ಸಾಕ್ಷ್ಯವೆಂದು ತರಗತಿಯಲ್ಲಿ ತೋರಿಸುವುದಕ್ಕೆ ಆಧಾರವಿಲ್ಲ.