ಹೆತ್ತವಳ ತಲೆಯ ಮೇಲಿನ ಹೊರೆ

ನನ್ನ ತವರು ಅಂತರಘಟ್ಟೆ. ಅಲ್ಲಿ ದುರ್ಗಾಂಬೆಯ ಜಾತ್ರೆಯೆಂದರೆ ಸುತ್ತಲ ಹಳ್ಳಿಗಳಿಂದ ಪಾನಕದ ಗಾಡಿಗಳು ಧೂಳೆಬ್ಬಿಸಿಕೊಂಡು ಬರುವ ಸಂಭ್ರಮ. 2008ರ ಜಾತ್ರೆಯಲ್ಲಿ ನನ್ನ ತಮ್ಮನ ಮಗ ಎರಡೂ ಕಿವಿ ಮುಚ್ಚಿಕೊಂಡು ನೆಲದ ಮೇಲೆ ಹೊರಳಾಡಿ ಅತ್ತ. ಮೂರೂವರೆ ವರ್ಷವಾದರೂ ಅವನಿಗೆ ಮಾತು ಬಂದಿರಲಿಲ್ಲ. ಹೆಸರು ಹಿಡಿದು ಕೂಗಿದರೆ ತಿರುಗುತ್ತಿರಲಿಲ್ಲ. ಗಾಡಿಯ ಚಕ್ರವನ್ನು ಮಾತ್ರ ಮೈಮರೆತು ನೋಡುತ್ತಿದ್ದ. ನೆಂಟರೆಲ್ಲ ಸುತ್ತುವರಿದು ನಿಂತಿದ್ದಾಗ ಒಬ್ಬಾಕೆ, "ತಾಯಿಯಾದವಳು ಮಗು ಹತ್ರ ನಾಲ್ಕು ಮಾತಾಡಿದ್ರೆ ತಾನೆ ಅದು ಮಾತು ಕಲಿಯೋದು?" ಎಂದಳು. ಹಾಗೆ ಅಂದವಳು ನಾನೇ.

ಅದೇ ವರ್ಷ ಬೆಂಗಳೂರಿನ ವೈದ್ಯರು ಇದು ಆಟಿಸಂ ಎಂದರು. ಕಾಯಿಲೆಯೋ ಶಾಪವೋ ನಮಗೇನೂ ತಿಳಿಯಲಿಲ್ಲ. ಅವರೇ ಒಂದು ಸೇವಾಸಂಸ್ಥೆಯ ವಿಳಾಸ ಬರೆದುಕೊಟ್ಟರು. ತಮ್ಮನಿಗೆ ತೋಟದ ಕೆಲಸ; ಅವನ ಹೆಂಡತಿಯ ಜೊತೆಗೆ ನಾನು ಹೋದೆ. ಅಲ್ಲಿ ನಮ್ಮೆದುರು ಕೂತ ಹೆಂಗಸು ವೈದ್ಯೆಯಲ್ಲ, ಅಂಥದೇ ಮಗುವಿನ ತಾಯಿ. ಕಾಫಿ ಕೊಟ್ಟು, "ನೀವು ಸರಿಯಾಗಿ ನಿದ್ದೆ ಮಾಡಿ ಎಷ್ಟು ದಿನ ಆಯ್ತಮ್ಮಾ?" ಎಂದು ಕೇಳಿದರು. ಆಮೇಲೆ, "ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ" ಎಂದರು. ಇವಳು ಬಿಕ್ಕಿ ಬಿಕ್ಕಿ ಅತ್ತಳು. ನಾನು ನೆಲ ನೋಡುತ್ತ ಕೂತೆ.

ಆ ಮಾತನ್ನೇ ಮೊದಲು ಏಕೆ ಹೇಳುತ್ತಾರೆಂಬುದು ಆಮೇಲೆ ಓದಿದಾಗ ತಿಳಿಯಿತು. 1943ರಲ್ಲಿ ಅಮೆರಿಕದ ವೈದ್ಯ ಲಿಯೋ ಕ್ಯಾನರ್ 11 ಮಕ್ಕಳನ್ನು ಕುರಿತು ಬರೆದು ಈ ಸ್ಥಿತಿಯನ್ನು ಜಗತ್ತಿಗೆ ಪರಿಚಯಿಸಿದ. ಹುಟ್ಟಿನಿಂದಲೇ ಬರುವಂಥದ್ದೆಂದು ಬರೆದರೂ, ತಂದೆತಾಯಿಯರು ಮಮತೆಯಿಲ್ಲದವರೆಂಬ ಮಾತನ್ನೂ ಸೇರಿಸಿದ. ಆ ಕಿಡಿ ಬೆಂಕಿಯಾಯಿತು. 1967ರಲ್ಲಿ ಬ್ರೂನೋ ಬೆಟಲ್‌ಹೈಮ್ ಬರೆದ ಪುಸ್ತಕ ಹೆತ್ತವರನ್ನೇ ಹೊಣೆ ಮಾಡಿತು. ಓದಿದವರೂ ನನ್ನ ಹಾಗೆಯೇ ಮಾತಾಡಿದ್ದರು!

ಎದುರು ನಿಂತವರು ಹೆತ್ತವರೇ. 1962ರಲ್ಲಿ ಲಂಡನ್ನಿನಲ್ಲಿ ತಂದೆತಾಯಿಯರು ಸೇರಿ ಸಂಘ ಕಟ್ಟಿದರು. ಅಮೆರಿಕದಲ್ಲಿ ಆಟಿಸಂ ಇದ್ದ ಹುಡುಗನ ತಂದೆ, ಮನಶ್ಶಾಸ್ತ್ರಜ್ಞ ಬರ್ನಾರ್ಡ್ ರಿಮ್‌ಲ್ಯಾಂಡ್, ಇದು ಶರೀರಕ್ಕೆ ಸಂಬಂಧಿಸಿದ್ದೆಂದು 1964ರಲ್ಲಿ ಪುಸ್ತಕ ಬರೆದು, ಮರುವರ್ಷ ಸಂಘ ಸ್ಥಾಪಿಸಿದರು. ಅದೇ ಸಂಘದ 1969ರ ಸಭೆಗೆ ಬಂದ ಕ್ಯಾನರ್, ತಂದೆತಾಯಿಯರನ್ನು ದೋಷಮುಕ್ತರೆಂದು ಸಾರಿದ. ಇದು ಮಿದುಳಿನ ಬೆಳವಣಿಗೆಯ ವ್ಯತ್ಯಾಸ, ಅದರಲ್ಲಿ ವಂಶವಾಹಿಗಳ ಪಾತ್ರ ದೊಡ್ಡದು ಎಂಬುದು ಇಂದು ಖಚಿತ.

ನಮ್ಮಲ್ಲಿಯೂ ದಾರಿ ತೆರೆದವಳು ತಾಯಿ. 1991ರಲ್ಲಿ ದೆಹಲಿಯಲ್ಲಿ ಮೆರಿ ಬರುವಾ 'ಆ್ಯಕ್ಷನ್ ಫಾರ್ ಆಟಿಸಂ' ಆರಂಭಿಸಿದರು. ಅಲ್ಲಿ ತಾಯಿಯೋ ತಂದೆಯೋ ಮೂರು ತಿಂಗಳು ಮಗುವಿನೊಂದಿಗೆ ತರಗತಿಯಲ್ಲೇ ಕೂತು ಕಲಿಯುವ ಏರ್ಪಾಡು ಬಂತು. 1995ರಲ್ಲಿ ಬೆಂಗಳೂರಿನಲ್ಲಿ 'ಆಶಾ' ಹುಟ್ಟಿತು. ಅದೇ 1995ರ ಅಂಗವಿಕಲರ ಕಾಯ್ದೆಯಲ್ಲಿ ಆಟಿಸಂನ ಹೆಸರೇ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಲ್ಲಿ ಬಂತು, 2016ರ ಕಾಯ್ದೆಯ 21 ವೈಕಲ್ಯಗಳ ಪಟ್ಟಿಯಲ್ಲಿ ಸೇರಿತು.

ನಾವು ಹೋದಲ್ಲಿ ಇವಳಿಗೆ ಕಲಿಸಿದ ಮೊದಲ ಪಾಠ ಕೇಳಿ ನನಗೆ ನಾಚಿಕೆಯಾಯಿತು. ಹೆಚ್ಚು ಮಾತಾಡಬೇಡಿ, ಕಡಿಮೆ ಮಾತಾಡಿ ಎಂದರು! "ಬಾರೋ ಕಂದಾ, ಹಾಲು ಆರಿಹೋಗುತ್ತೆ, ಬೇಗ ಕುಡಿದುಬಿಡು" ಅನ್ನುವ ಬದಲು ಲೋಟ ತೋರಿಸಿ "ಹಾಲು ಕುಡಿ" ಅಂದರೆ ಸಾಕು. ಏಳುವುದು, ಸ್ನಾನ, ಊಟ ಎಲ್ಲದಕ್ಕೂ ಚಿತ್ರ ಬರೆದು ಸಾಲಾಗಿ ಗೋಡೆಗೆ ಅಂಟಿಸಬೇಕು. ಮುಂದೇನೆಂದು ಗೊತ್ತಿದ್ದರೆ ಮಗುವಿನ ದಿಗಿಲು ಇಳಿಯುತ್ತದೆ. ಜಾತ್ರೆಯ ಸದ್ದು ನಮಗೆ ಸಂಭ್ರಮ, ಅವನ ಕಿವಿಗೆ ಏಟು, ಅದು ಹಟವಲ್ಲ. ಪೂರ್ತಿ ವಾಸಿ ಮಾಡುತ್ತೇವೆಂದು ದುಡ್ಡು ಕೇಳುವವರನ್ನು ನಂಬಬೇಡಿ ಎಂದೂ ಎಚ್ಚರಿಸಿದರು.

ಹಿಂದಿರುಗುವಾಗ ರೈಲಿನಲ್ಲಿ ಇವಳ ಕೈ ಹಿಡಿದು, "ಜಾತ್ರೇಲಿ ನಾನು ಹಾಗನ್ನಬಾರದಿತ್ತು" ಎಂದೆ. "ಬಿಡಿ ಅಕ್ಕಾ, ನಾನೂ ಹಾಗೇ ಅಂದ್ಕೊಂಡಿದ್ದೆ" ಎಂದಳು. ನನ್ನ ಮಾತಿಗಿಂತ ಆ ಉತ್ತರವೇ ನನ್ನನ್ನು ಹೆಚ್ಚು ಚುಚ್ಚಿತು.

ಮರುವರ್ಷ ಜಾತ್ರೆಯ ಗದ್ದಲವೆಲ್ಲ ಮುಗಿದ ಮೇಲೆ, ಒಂದು ಮುಂಜಾನೆ ಮೂವರೂ ಗುಡಿಗೆ ಹೋದೆವು. ಇವಳು ಗುಡಿಯ ಚಿತ್ರ ತೋರಿಸಿ ಅವನನ್ನು ಮೊದಲೇ ಅಣಿಮಾಡಿದ್ದಳು. ಗಂಟೆಯನ್ನು ಯಾರೂ ಬಾರಿಸಲಿಲ್ಲ. ಅವನು ಕಿವಿಯಿಂದ ಕೈ ತೆಗೆದು, ಅಮ್ಮನ ಸೆರಗು ಹಿಡಿದು ನಿಂತ.