ಹೆಸರು, ಚಿಪ್ಪು, ವಂಶವಾಹಿ: ದೈತ್ಯ ಕಪ್ಪೆಚಿಪ್ಪುಗಳ ನೆಲೆಗಳ ಶೋಧ

ಜನಪದ ಕಥೆಯೊಂದರ ಪ್ರಸಾರವನ್ನು ತಿಳಿಯಲು ಅದರ ಪಾಠಾಂತರಗಳನ್ನು ನೆಲೆವಾರು ಸಂಗ್ರಹಿಸಿ ಹೋಲಿಸಬೇಕೆಂಬುದು ಫಿನ್ನಿಷ್ ವಿದ್ವಾಂಸರು ರೂಪಿಸಿದ ಚಾರಿತ್ರಿಕ-ಭೌಗೋಳಿಕ ವಿಧಾನದ ತಿರುಳು. ಎರಡು ಭಿನ್ನ ಕಥೆಗಳನ್ನು ಒಂದೇ ಎಂದು ಬಗೆದರೆ ನಕಾಶೆಯೇ ತಪ್ಪುತ್ತದೆ. ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್ ಸಾಗರದ ಹವಳದ ದಿಬ್ಬಗಳಲ್ಲಿ ಬದುಕುವ ದೈತ್ಯ ಕಪ್ಪೆಚಿಪ್ಪುಗಳ ಅಧ್ಯಯನದಲ್ಲಿಯೂ ಇಂಥದೇ ತೊಡಕು ಉಂಟಾಯಿತು.

1758ರಲ್ಲಿ ಲಿನೇಯಸ್ ಈ ವರ್ಗದ ಜೀವಿಗಳಿಗೆ ಶಾಸ್ತ್ರೀಯ ಹೆಸರಿಟ್ಟಂದಿನಿಂದ ಚಿಪ್ಪಿನ ಆಕಾರವೇ ವರ್ಗೀಕರಣದ ಮುಖ್ಯ ಆಧಾರವಾಗಿತ್ತು. ಆದರೆ ಬೆಳೆಯುವ ತಾಣಕ್ಕೆ ತಕ್ಕಂತೆ ಚಿಪ್ಪಿನ ರೂಪ ಬದಲಾಗುತ್ತದೆ. 1798ರಲ್ಲಿ ರೋಡಿಂಗ್ ಹೆಸರಿಸಿದ 'ಟ್ರೈಡಾಕ್ನಾ ನೋಏ' ಪ್ರಭೇದವನ್ನು 1965ರಲ್ಲಿ ರೋಸ್‌ವಾಟರ್ 'ಮ್ಯಾಕ್ಸಿಮಾ'ದಲ್ಲಿ ವಿಲೀನಗೊಳಿಸಿದರು. ಮೈಟೊಕಾಂಡ್ರಿಯಾದ ಡಿಎನ್‌ಎಯನ್ನು ಹೋಲಿಸಿದ ತೈವಾನಿನ ಸಂಶೋಧಕರು 2014ರಲ್ಲಿ ಅದನ್ನು ಪ್ರತ್ಯೇಕ ಪ್ರಭೇದವೆಂದು ಪುನಃ ಸ್ಥಾಪಿಸಿದರು. ಮರುವರ್ಷವೇ ಕ್ರಿಸ್‌ಮಸ್ ದ್ವೀಪದಿಂದ ಪೆಸಿಫಿಕ್‌ನ ಲೈನ್ ದ್ವೀಪಗಳವರೆಗೆ ಅದರ ವ್ಯಾಪ್ತಿಯನ್ನು ಗುರುತಿಸಲಾಯಿತು. ಅಷ್ಟು ವಿಶಾಲ ಕಡಲಿನಲ್ಲಿದ್ದ ಜೀವಿ ಸುಮಾರು ಅರ್ಧ ಶತಮಾನ ಇನ್ನೊಂದರ ಹೆಸರಿನಲ್ಲಿ ಮರೆಯಾಗಿತ್ತು.

ಕೆಂಪು ಸಮುದ್ರದ ಪ್ರಸಂಗ ಇನ್ನೂ ಗಂಭೀರವಾದುದು. ಅಲ್ಲಿ 2008ರಲ್ಲಿ ಹೊಸ ಪ್ರಭೇದವೆಂದು ಘೋಷಿತವಾದ 'ಕಾಸ್ಟಾಟಾ'ದ ಪಾಲು, ಜೀವಂತ ಮಾದರಿಗಳಲ್ಲಿ ಸಾವಿರಕ್ಕೆ ಆರು ಮಾತ್ರ. ಪಳೆಯುಳಿಕೆಗಳಾದರೋ ಹಿಂದೆ ಅದೇ ಪ್ರಧಾನವಾಗಿತ್ತೆಂದು ಸಾರುತ್ತಿದ್ದವು. 1899ರಲ್ಲಿ ಸ್ಟುರಾನಿ ವರ್ಣಿಸಿದ್ದ 'ಸ್ಕ್ವಾಮೊಸಿನಾ' ಇದೇ ಎಂಬುದು 2011ರಲ್ಲಿ ಸ್ಪಷ್ಟವಾಯಿತು. ವಂಶವಾಹಿಯ ಸಾಕ್ಷ್ಯಕ್ಕೆ ಹಳೆಯ ಸಂಗ್ರಹದ ಚಿಪ್ಪೂ ಬೇಕಾಗುತ್ತದೆಂಬುದು ಇಲ್ಲಿ ಗಮನಾರ್ಹ.

ಜಾನಪದದ ದೃಷ್ಟಿಯಿಂದ ಫಿಜಿ ಮತ್ತು ಟೋಂಗಾ ದ್ವೀಪಗಳ ಉದಾಹರಣೆ ಮುಖ್ಯವಾದುದು. ಅಲ್ಲಿನ ಜೀವಂತ ಪ್ರಭೇದವೊಂದಕ್ಕೆ 1990ರ ಸುಮಾರಿಗೆ, ಪಿಶಾಚಿ ಎಂಬರ್ಥದ ಸ್ಥಳೀಯ ಪದವನ್ನು ಆಧರಿಸಿ 'ಟೆವೊರೊವಾ' ಎಂದು ಹೆಸರಿಡಲಾಯಿತು. 1934ರಲ್ಲಿ ಲ್ಯಾಡ್ ಫಿಜಿಯ ಪಳೆಯುಳಿಕೆಗೆ ಇಟ್ಟ ಹೆಸರೇ ಮೊದಲನೆಯದೆಂದು ಅನಂತರ ಮಾನ್ಯವಾದುದರಿಂದ ಜನಪದ ಮೂಲದ ಹೆಸರು ಶಾಸ್ತ್ರದಿಂದ ಹೊರಬಿತ್ತು. ಬಳಕೆಯ ಮಾತಿನಲ್ಲಿ ಉಳಿಯಿತು.

ಹೆಸರಿನ ಪ್ರಶ್ನೆ ಕೇವಲ ಪಾಂಡಿತ್ಯದ ವಿಷಯವಲ್ಲ. ಭಾರತದಲ್ಲಿ 2001ರಲ್ಲಿ ಮ್ಯಾಕ್ಸಿಮಾ, ಸ್ಕ್ವಾಮೊಸಾ ಮತ್ತು ಹಿಪ್ಪೋಪಸ್ ಹಿಪ್ಪೋಪಸ್ ಪ್ರಭೇದಗಳನ್ನು ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಗೆ ಸೇರಿಸಲಾಯಿತು. ಹೆಸರು ಹಿಡಿದು ರಕ್ಷಿಸುವ ಕಾನೂನಿನಲ್ಲಿ, ಗುರುತಿಸದೆ ಉಳಿದ ಪ್ರಭೇದಕ್ಕೆ ಸ್ವಂತ ಆಶ್ರಯವಿರುವುದಿಲ್ಲ. ಮ್ಯಾಕ್ಸಿಮಾ ನೆಲೆಸಿರುವ ಲಕ್ಷದ್ವೀಪದ ಒಂದು ಭಾಗವಾದ ಅಮಿನಿದಿವಿ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಅಂಥ ದ್ವೀಪಗಳಲ್ಲಿ ಡಿಎನ್‌ಎ ಮಾದರಿಯನ್ನು ಸಂಗ್ರಹಿಸುವವರು ಅದರೊಂದಿಗೆ ಸ್ಥಳ, ಆಳ ಹಾಗೂ ಮೀನುಗಾರರು ಬಳಸುವ ಹೆಸರನ್ನೂ ದಾಖಲಿಸುವುದು ಅಗತ್ಯ. ಪ್ರಯೋಗಾಲಯ ಪ್ರಭೇದವನ್ನು ನಿರ್ಣಯಿಸಬಲ್ಲದು. ಅದು ಹಿಂದೆ ಎಲ್ಲೆಲ್ಲಿ ಇತ್ತೆಂಬ ನೆನಪು ದ್ವೀಪವಾಸಿಗಳ ಮಾತಿನಲ್ಲಿರುತ್ತದೆ.