ಟಾನಿಕ್ ಬಾಟಲಿ

ಮೊನ್ನೆ ಸ್ಟೇಷನ್ ರಸ್ತೆಯ ನಮ್ಮ ಹಳೇ ಮನೆಯ ಅಟ್ಟ ಸ್ವಚ್ಛ ಮಾಡುತ್ತಿದ್ದೆ. ತಗಡಿನ ಟ್ರಂಕಿನ ಹಿಂದೆ ಕಂದು ಬಣ್ಣದ ಖಾಲಿ ಟಾನಿಕ್ ಬಾಟಲಿ ಸಿಕ್ಕಿತು. “ಯವ್ವಾ, ಇದನ್ನ ಒಗೀಲ್ಯಾ?” ಅಂದೆ. “ಬ್ಯಾಡ, ಇರ್ಲಿ. ಅದನ್ನ ಕುಡಿಸಿ ನಾನ ಅವಂಗ ಬ್ಯಾನಿ ತಂದ್ನಿ” ಅಂದಳು.

ಒಂದು ನಿಮಿಷ ನನಗೆ ಮಾತೇ ಹೊರಡಲಿಲ್ಲ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದಳೇ!

1992ರಲ್ಲಿ ನನ್ನ ತಮ್ಮನಿಗೆ ಐದು ವರ್ಷ. ಆಟ ಬಿಟ್ಟು ಗೋಡೆಗೆ ಒರಗಿ ಕೂರತೊಡಗಿದ, ಮುಖ ಬಿಳಚಿಕೊಂಡಿತು. ರಕ್ತ ಕಡಿಮೆ ಆಗಿದೆ ಅಂತ ಎಲ್ಲರೂ ಹೇಳಿದರು, ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಟಾನಿಕ್ ಬಂತು. ಮೂರು ವಾರದ ಮೇಲೆ ಗೊತ್ತಾಗಿದ್ದು ರಕ್ತದ ಕ್ಯಾನ್ಸರ್, ಲ್ಯುಕೇಮಿಯಾ. ಓದಿಕೊಂಡ ನೆಂಟರೊಬ್ಬರು ಬಂದು “ಫೋಲಿಕ್ ಆಮ್ಲ ಅಂದರೆ ಈ ರೋಗಕ್ಕೆ ಊಟ ಹಾಕಿದ ಹಾಗೆ” ಅಂದು ಚಹಾ ಕುಡಿದು ಹೋದರಂತೆ. ಅವರು ಮರೆತರು, ಅವ್ವ ಮರೆಯಲಿಲ್ಲ.

ನೆಂಟರ ಮಾತು ಪೂರ್ತಿ ಸುಳ್ಳಲ್ಲ, ಅದೇ ತೊಂದರೆ. ಕಥೆ ಶುರುವಾಗುವುದು ನಮ್ಮ ಪಕ್ಕದ ಮುಂಬೈಯಲ್ಲೇ. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಅಲ್ಲಿಗೆ ಬಂದು, ಬಸುರಿಯರಲ್ಲಿ ಕಾಣಿಸುತ್ತಿದ್ದ ತೀವ್ರ ರಕ್ತಹೀನತೆಯ ಬೆನ್ನು ಹತ್ತಿದರು. ಗಿರಣಿ ಕೆಲಸದ ಬಡ ಹೆಂಗಸರ ಊಟದಲ್ಲಿ ಏನೋ ಕೊರತೆ ಇದೆ ಅಂತ ಅವರ ಗುಮಾನಿ. ಯೀಸ್ಟ್ ಸಾರದಿಂದ ಅದು ವಾಸಿಯಾಗುತ್ತದೆ ಅಂತ 1931ರಲ್ಲಿ ಪ್ರಕಟಿಸಿದರು. ಅದರೊಳಗಿದ್ದ ವಸ್ತುವೇ ಮುಂದೆ ಫೋಲಿಕ್ ಆಮ್ಲ ಅನ್ನಿಸಿಕೊಂಡಿತು. 1941ರಲ್ಲಿ ಅದನ್ನು ಪಾಲಕ್ ಎಲೆಯಿಂದ ಬೇರ್ಪಡಿಸಿದರು, ಹೆಸರು ಬಂದಿದ್ದೂ ಲ್ಯಾಟಿನ್ನಿನ ‘ಎಲೆ’ ಎಂಬ ಪದದಿಂದ.

ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಲ್ಯುಕೇಮಿಯಾ ಇದ್ದ ಮಕ್ಕಳಿಗೆ ಅದೇ ಬಳಗದ ವಸ್ತುಗಳನ್ನು ಕೊಟ್ಟು ನೋಡಿದಾಗ ರೋಗ ಇನ್ನಷ್ಟು ಜೋರಾದಂತೆ ಅವರಿಗೆ ಕಂಡಿತು. ಹಾಗಾದರೆ ಫೋಲಿಕ್ ಆಮ್ಲದ ವೇಷ ಹಾಕಿ ಅದರ ಜಾಗ ಆಕ್ರಮಿಸುವ ವಸ್ತು ಕೊಟ್ಟರೆ ಹೇಗೆ? ಅಂಥ ವಸ್ತುವನ್ನು ತಯಾರಿಸಿಕೊಟ್ಟ ಲೆಡರ್ಲೆ ಪ್ರಯೋಗಾಲಯದ ತಂಡದ ಮುಖ್ಯಸ್ಥರು ನಮ್ಮ ಆಂಧ್ರದ ಭೀಮವರಂನವರು, ಯಲ್ಲಾಪ್ರಗಡ ಸುಬ್ಬರಾವ್! 1948ರ ಜೂನ್‌ನಲ್ಲಿ ಫಾರ್ಬರ್ ಫಲಿತಾಂಶ ಪ್ರಕಟಿಸಿದರು. ಹದಿನಾರು ಮಕ್ಕಳಲ್ಲಿ ಹತ್ತು ಮಕ್ಕಳು ಚೇತರಿಸಿಕೊಂಡಿದ್ದರು. ಅದೇ ಆಗಸ್ಟ್‌ನಲ್ಲಿ ಸುಬ್ಬರಾವ್ ತೀರಿಕೊಂಡರು. ಅವರ ತಂಡದ ಇನ್ನೊಂದು ಔಷಧ ಮೆಥೋಟ್ರೆಕ್ಸೇಟ್. ತಮ್ಮ ವಾರಕ್ಕೊಮ್ಮೆ ನುಂಗುತ್ತಿದ್ದ ಹಳದಿ ಗುಳಿಗೆ ಅದೇ.

ಅಂದರೆ ಅವ್ವನಿಗೆ ನಾನು ಹೇಳಬೇಕಾಗಿದ್ದು ಇಷ್ಟು: ಟಾನಿಕ್ ಕುಡಿದು ಯಾರಿಗೂ ಲ್ಯುಕೇಮಿಯಾ ಬರುವುದಿಲ್ಲ. ಅವನು ಬಿಳಚಿಕೊಂಡಾಗಲೇ ರೋಗ ಅಸ್ಥಿಮಜ್ಜೆ ತುಂಬಿಕೊಂಡಿತ್ತು, ಟಾನಿಕ್ ಬಂದಿದ್ದು ಆಮೇಲೆ.

ಬೆಂಗಳೂರಿನ ಕಿದ್ವಾಯಿ (1973ರಲ್ಲಿ ಶುರುವಾದದ್ದು) ನಮಗೆ ಎರಡನೇ ಮನೆ ಆಯಿತು. ಅವ್ವ, ತಮ್ಮ ಅಲ್ಲಿ. ಅಪ್ಪ, ಆಯಿ, ನಾನು ಇಲ್ಲಿ. ಆಯಿ ಕಡಕ್ ರೊಟ್ಟಿ ಮಾಡಿ, ಶೇಂಗಾ ಹಿಂಡಿ ಕಟ್ಟಿ, ರಾತ್ರಿ ಬಸ್ಸಿನ ಡ್ರೈವರ್ ಕೈಗೆ ಕೊಡುತ್ತಿದ್ದಳು. ಕಡಕ್ ರೊಟ್ಟಿ ಕೆಡುವುದಿಲ್ಲ ನೋಡಿ. ಅವ್ವ ಎಸ್‌ಟಿಡಿ ಬೂತಿನಿಂದ ಮಾಡುತ್ತಿದ್ದ ಫೋನು ಎದುರಿನ ಅಂಗಡಿಗೆ ಬರುತ್ತಿತ್ತು, ಮೀಟರಿನ ಭಯಕ್ಕೆ ಎಲ್ಲರೂ ಓಡೋಡಿ ಮಾತಾಡುವುದು. ಟಿಕೋಟಾ ಕಡೆಯ ಹೊಲ ಒತ್ತೆ ಬಿತ್ತು. ವಾಜಪೇಯಿ ಆರೋಗ್ಯಶ್ರೀ ಬಂದಿದ್ದು 2010ರಲ್ಲಿ, ನಮ್ಮ ಕಾಲಕ್ಕೆ ಅದೆಲ್ಲಿ!

ಮಧ್ಯೆ ಮಧ್ಯೆ ಅವರು ಊರಿಗೆ ಬರುತ್ತಿದ್ದರು. ಸ್ಟೇಷನ್ನಿನಿಂದ ಟಾಂಗಾದಲ್ಲಿ ಬಂದಿಳಿದ ತಮ್ಮನನ್ನು ಮೊದಲ ಸಲ ನಾನು ಗುರುತೇ ಹಿಡಿಯಲಿಲ್ಲ. ತಲೆ ಬೋಳು, ಸ್ಟೀರಾಯ್ಡ್‌ನಿಂದ ಮುಖ ಪೂರಿಯ ಹಾಗೆ ಉಬ್ಬಿತ್ತು. ರಾತ್ರಿ ಎರಡಕ್ಕೆ ಎದ್ದು “ಅವ್ವಾ, ಇನ್ನೊಂದ ರೊಟ್ಟಿ” ಅನ್ನುವನು. ಸೋಂಕಿನ ಹೆದರಿಕೆಗೆ ಮನೆಗೆ ಯಾರನ್ನೂ ಸೇರಿಸುತ್ತಿರಲಿಲ್ಲ, ಎರಡು ದಸರಾ ಹಾಗೇ ಹೋದವು. ನನಗೆ ಹನ್ನೊಂದು ವರ್ಷ. ಒಂದು ದಿನ ಗೋಳಗುಮ್ಮಟದ ಪಿಸುಗುಟ್ಟುವ ಗ್ಯಾಲರಿಯಲ್ಲಿ ಒಬ್ಬನೇ ನಿಂತು, ನನಗೂ ಜ್ವರ ಬರಲಿ ಅಂತ ಮೆಲ್ಲಗೆ ಹೇಳಿದೆ. ಆ ಗೋಡೆ ಬಿಡುತ್ತದೆಯೇ, ಅದನ್ನೇ ಮತ್ತೆ ಮತ್ತೆ ನನಗೇ ಹೇಳಿತು. ಇದನ್ನು ಇವತ್ತಿನವರೆಗೂ ಯಾರಿಗೂ ಹೇಳಿರಲಿಲ್ಲ.

ತಮ್ಮ ಒಂದೆರಡು ತಿಂಗಳಿಗೇ ಓಡಾಡತೊಡಗಿದ್ದ. ಮತ್ತೇಕೆ ಎರಡು ವರ್ಷ ಔಷಧ? ಫಾರ್ಬರ್ ಕಾಲದ ಚೇತರಿಕೆಗಳು ತಿಂಗಳುಗಳಲ್ಲೇ ಮುಗಿಯುತ್ತಿದ್ದವು. ಒಂದೇ ಒಂದು ರೋಗದ ಜೀವಕೋಶ ಉಳಿದರೂ ಇಲಿ ಸಾಯಬಲ್ಲದು ಅಂತ ಹೊವರ್ಡ್ ಸ್ಕಿಪ್ಪರ್ 1960ರ ದಶಕದಲ್ಲಿ ತೋರಿಸಿದರು. ಸೂಕ್ಷ್ಮದರ್ಶಕಕ್ಕೆ ಕಾಣದ್ದನ್ನು ಕೊಲ್ಲಲಿಕ್ಕೆ ಹಲವು ಔಷಧ, ದೀರ್ಘಕಾಲ ಬೇಕು. ನಮ್ಮಲ್ಲಿ 1984ರಿಂದ ಮುಂಬೈಯ ಟಾಟಾ, ಚೆನ್ನೈನ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್, ದೆಹಲಿಯ ಏಮ್ಸ್ ಸೇರಿ ಎಂಸಿಪಿ-841 ಅನ್ನುವ ಒಂದೇ ಕ್ರಮ ಹಿಡಿದವು. ಮೊದಲು ಐವರಲ್ಲಿ ಒಬ್ಬರು ಉಳಿಯುತ್ತಿದ್ದ ಕಡೆ ಸುಮಾರು ಅರ್ಧ ಮಕ್ಕಳು ಉಳಿಯತೊಡಗಿದರು.

ಆದರೆ ಈ ಲೆಕ್ಕ ಕೊನೆಯ ತನಕ ಬಂದವರಿಗೆ. ತಮ್ಮನ ಪಕ್ಕದ ಮಂಚದಲ್ಲಿ ಹಾವೇರಿ ಕಡೆಯ ಒಂದು ಹುಡುಗಿ ಇದ್ದಳು. ಇಬ್ಬರೂ ಚವಕಾಬಾರಾ ಆಡುತ್ತಿದ್ದರಂತೆ. ಕೂದಲು ಮತ್ತೆ ಬಂತು, ಓಡಾಡಿದಳು, ಊರಿಗೆ ಹೋದಳು. ಮುಂದಿನ ತಾರೀಖಿಗೆ ಬರಲಿಲ್ಲ. ಬಿತ್ತನೆ ಸಮಯ, ಕೂಲಿ, ಬಸ್ ಚಾರ್ಜು. ಮಗು ಆರಾಮಾಗಿ ಕಾಣುವಾಗ ಹೊಲ ಬಿಟ್ಟು ಬರುವುದು ಯಾರಿಗೆ ಸುಲಭ ಹೇಳಿ.

ತಮ್ಮ ಈಗ ಹುಬ್ಬಳ್ಳಿಯಲ್ಲಿದ್ದಾನೆ, ಎರಡು ಮಕ್ಕಳ ತಂದೆ.

ಲೂಸಿ ವಿಲ್ಸ್, ಸುಬ್ಬರಾವ್ ಎಲ್ಲರ ಕಥೆಯನ್ನೂ ಅವ್ವನಿಗೆ ಹೇಳಿದೆ. ಅವರೆಕಾಳು ಸುಲಿಯುತ್ತಾ ಕೇಳಿದಳು. “ಟಾನಿಕ್‌ದಿಂದ ಅಲ್ಲ ಹಂಗಾರ?” ಅಂದಳು. ಅಲ್ಲ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ ಹಾವೇರಿ ಹುಡುಗೀ ಮನಿಗೆ ಒಂದ ಕಾಗದ ಹಾಕಬೇಕಿತ್ತು ನಾ. ಅಡ್ರೆಸ್ ಬರಕೊಂಡಿದ್ನಿ” ಅಂದಳು.